‘ರಿ’ ಬಳಸುವ ಕ್ರಮ

ಬಳಸುವ ಮೊದಲು ಈ ಕರಪತ್ರವನ್ನು ಪೂರ್ತಿ ಓದತಕ್ಕದ್ದು. ಹತ್ತಿಗೆ ಹೊಡೆಯುವ ಎಣ್ಣೆಯ ಡಬ್ಬಿಯೊಳಗೆ ಇಂಥದೇ ಒಂದು ಕರಪತ್ರ ಇರುತ್ತದೆ. ಅದನ್ನು ಬದುವಿನ ಮೇಲೆ ಬಿಸಾಕಿ, ಆಮೇಲೆ ಪಕ್ಕದ ಹೊಲದವರನ್ನು ‘ಎಷ್ಟ ಹಾಕಬೇಕೊ ಮಾರಾಯಾ?’ ಎಂದು ಕೇಳುವ ಪದ್ಧತಿ ನಮ್ಮಲ್ಲಿದೆ. ಎಣ್ಣೆ ಹೆಚ್ಚಾದರೆ ಒಂದು ಹಂಗಾಮಿನ ಬೆಳೆ ಸುಡುತ್ತದೆ. ‘ರಿ’ ಹೆಚ್ಚುಕಡಿಮೆಯಾದರೆ ಬೀಗತನ ಸುಡುತ್ತದೆ. ಆದ್ದರಿಂದ ಓದಿ.

ವಸ್ತುವಿನ ವಿವರ

ರಕಾರ ಒಂದು, ಅದರ ತಲೆಗೆ ಗುಡಿಸು ಒಂದು. ಕಾಗುಣಿತದಲ್ಲಿ ಮೂರನೆಯದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆ ಮಗು ಶಾಲೆಗೆ ಹೋಗಿ ಈ ಅಕ್ಷರ ಬರೆಯಲು ಕಲಿಯುವ ಎಷ್ಟೋ ಮೊದಲೇ ಅದನ್ನು ಸರಿಯಾದ ಜಾಗದಲ್ಲಿ ಹಚ್ಚಲು ಕಲಿತಿರುತ್ತದೆ.

‘ಬನ್ನಿರಿ’ ಎಂಬುದು ಪುಸ್ತಕದ ರೂಪ. ಇದನ್ನು ಎರಡೂ ಸೀಮೆಯವರು ಮೋಟು ಮಾಡಿಕೊಂಡರು. ಮೈಸೂರಿನವರು ಬಾಲ ಕತ್ತರಿಸಿ ‘ಬನ್ನಿ’ ಉಳಿಸಿಕೊಂಡರು. ನಮ್ಮವರು ಉಳಿದದ್ದನ್ನು ಹೇಗೆ ಬೇಕಾದರೂ ಜಜ್ಜಿದರು, ಬಾಲ ಮಾತ್ರ ಬಿಡಲಿಲ್ಲ: ‘ಬರ್ರಿ’. ಬೆಂಗಳೂರಿನವರ ಕಿವಿಗೆ ಇದು ಬೈದಂತೆ ಕೇಳಿಸುತ್ತದೆ. ನಮ್ಮ ಕಿವಿಗೆ ಅವರ ‘ಬನ್ನಿ’ ಮಾತು ಅರ್ಧಕ್ಕೆ ನಿಲ್ಲಿಸಿದಂತೆ ಕೇಳಿಸುತ್ತದೆ. ಕಿವಿಯ ಲೆಕ್ಕ ಸಮವಾಯಿತು.

ಈ ಅಕ್ಷರ ಯಾವುದಕ್ಕೆ ಬೇಕಾದರೂ ಅಂಟುತ್ತದೆ. ಕ್ರಿಯಾಪದ, ನಾಮಪದ, ಹೌದು, ಇಲ್ಲ, ಓಕೆ, ಥ್ಯಾಂಕ್ಸ್, ಎಲ್ಲಕ್ಕೂ. ‘ಯಾವೂರ್ರಿ?’ ಎಂದರೆ ‘ನವಲಗುಂದ್ರಿ’, ‘ಕುಂದಗೋಳ್ರಿ’. ಕಲಘಟಗಿಯವರಿಗೆ ಮಾತ್ರ ಸ್ವಲ್ಪ ತೊಡಕು. ಅವರು ‘ಕಲಘಟಗಿರಿ’ ಎಂದ ಕೂಡಲೇ ಊರು ಬೆಟ್ಟವಾಗಿ ಎದ್ದು ನಿಲ್ಲುತ್ತದೆ. ಅಣ್ಣಿಗೇರಿಗೆ ‘ರಿ’ ಊರಿನ ಹೆಸರಿನಲ್ಲೇ ಕೂಡಿ ಬಂದಿದೆ. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಅಲ್ಲಿಯವರು ಸರಕಾರ ಕೊಟ್ಟ ‘ರಿ’ಯನ್ನು ನಂಬದೆ ತಮ್ಮದೂ ಒಂದನ್ನು ಸೇರಿಸಿ ‘ಅಣ್ಣಿಗೇರಿರಿ’ ಎನ್ನುತ್ತಾರೆ.

ಎಚ್ಚರ: ‘ರಿ’ ಯಾರ ಬಗ್ಗೆ ಮಾತಾಡುತ್ತೀರೋ ಅವರಿಗೆ ಸಲ್ಲುವುದಿಲ್ಲ, ಯಾರ ಎದುರು ಮಾತಾಡುತ್ತೀರೋ ಅವರಿಗೆ ಸಲ್ಲುತ್ತದೆ. ‘ಎಮ್ಮಿ ಈದೈತ್ರಿ’ ಎಂದಾಗ ಎಮ್ಮೆಗೆ ಯಾವ ಗೌರವವೂ ಮುಟ್ಟುವುದಿಲ್ಲ. ‘ಕಳ್ಳ ಓಡಿ ಹ್ವಾದನ್ರಿ’ ಎಂದಾಗ ಕಳ್ಳನಿಗೆ ಏಕವಚನ, ಫೌಜದಾರರಿಗೆ ‘ರಿ’. ಒಂದೇ ಶಬ್ದದ ನಡುವಿನಲ್ಲಿ ಕಳ್ಳನೂ ತುದಿಯಲ್ಲಿ ಪೊಲೀಸರೂ ಜಗಳವಿಲ್ಲದೆ ಕೂತಿರುವ ಬೇರೆ ಉದಾಹರಣೆ ನನಗೆ ತಿಳಿದಿಲ್ಲ.

ಇನ್ನೊಂದು ಎಚ್ಚರ. ‘ರಿ’ ಕಂಡಲ್ಲೆಲ್ಲ ಮರ್ಯಾದೆ ಇದೆ ಎಂದು ತಿಳಿಯಬಾರದು. ಗೋಲಿ ಆಡುವ ಹುಡುಗರನ್ನು ‘ಬರ್ರಲೇ’ ಎಂದು ಕರೆಯುವಾಗ ಒಳಗಿರುವ ‘ರಿ’ ತಲೆ ಎಣಿಸಿದ್ದು ಅಷ್ಟೇ, ಹಿಂದಿನ ‘ಲೇ’ ಅಸಲಿ ಮಾತು. ‘ಬರ್ರೆಪಾ’ ಎಂದರೆ ಅದೇ ಹುಡುಗರಿಗೆ ಬೆಲ್ಲ ಕೊಡುವ ವೇಳೆ.

ವಿಷದ ಪ್ರಮಾಣ

ಎಣ್ಣೆ ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುವುದನ್ನು ಹತ್ತಿ, ಮೆಣಸಿನಕಾಯಿ ಬೆಳೆಯುವವರೆಲ್ಲ ಬಲ್ಲರು. 1971ರ ಕೀಟನಾಶಕ ನಿಯಮಗಳ ಪ್ರಕಾರ ಹಸಿರು, ನೀಲಿ, ಹಳದಿ, ಕೆಂಪು, ಹೀಗೆ ವಿಷ ಏರುತ್ತ ಹೋಗುತ್ತದೆ. ‘ರಿ’ಗೂ ಇದೇ ಬಣ್ಣಗಳನ್ನು ಹಚ್ಚಿ ನೋಡುವುದು ಅನುಕೂಲ.

ಹಸಿರು ‘ರಿ’ ಗಿಡ್ಡ, ಮಾತಿನ ಕೊನೆಗೆ ತಾನಾಗಿ ಬೀಳುವಂಥದು. ‘ಆರಾಮ್ರಿ?’ ‘ಆರಾಮ್ರಿ.’ ‘ನಿಮ್ಮ ಕಡೆ ಮಳಿ ಆತ್ರಿ?’ ‘ಎಲ್ಲಿ ಮಳಿರಿ.’ ದಿನಕ್ಕೆ ಎಷ್ಟು ಬಳಸಿದರೂ ಅಪಾಯವಿಲ್ಲ. ಬಳಸದಿದ್ದರೆ ಅಪಾಯವಿದೆ.

ನೀಲಿಯದು ಚಹಾದ ವೇಳೆಗೆ ಬೇಕಾಗುತ್ತದೆ. ಮನೆಗೆ ಹೋದಿರಿ. ‘ಚಾ ಕುಡೀರಿ’ ಎಂದರು. ನೀವು ‘ಬ್ಯಾಡ್ರಿ, ಈಗ ಆಗೈತ್ರಿ’ ಎನ್ನಬೇಕು. ಇದರ ಅರ್ಥ ಬೇಡ ಎಂದಲ್ಲ, ಇನ್ನೊಮ್ಮೆ ಕೇಳಿರಿ ಎಂದು. ‘ಅರ್ಧಾ ಕಪ್ಪರ ಕುಡೀರಿ’ ಎನ್ನುತ್ತಾರೆ. ಮತ್ತೆ ‘ಬ್ಯಾಡ್ರಿ’, ಈ ಸಲ ‘ರಿ’ಯನ್ನು ತುಸು ಸಡಿಲ ಬಿಡಬೇಕು. ಅಷ್ಟರಲ್ಲಿ ಒಳಗೆ ಸ್ಟವ್ ಹೊತ್ತಿಸಿದ ಸಪ್ಪಳ ಕೇಳಿಸುತ್ತದೆ. ಎರಡನೆಯ ‘ಬ್ಯಾಡ್ರಿ’ಯನ್ನೇ ನಂಬಿ ನಿಜವಾಗಿ ಚಹಾ ಕೊಡದೆ ಕಳಿಸುವ ಮನೆಯ ಬಗ್ಗೆ ಊರಲ್ಲಿ ಬಹಳ ದಿನ ಮಾತಾಡುತ್ತಾರೆ. ಮೊದಲನೆಯ ಕೇಳಿಕೆಗೇ ‘ಹೂಂ, ತರ್ರಿ’ ಎಂದ ಅತಿಥಿಯ ಬಗ್ಗೆಯೂ ಅಷ್ಟೇ ದಿನ ಮಾತಾಡುತ್ತಾರೆ.

ಹಳದಿ ‘ರಿ’ಯಲ್ಲಿ ಮಾತು ಹೌದು ಅನ್ನುತ್ತದೆ, ಅರ್ಥ ಇಲ್ಲ ಅನ್ನುತ್ತದೆ. ‘ನೋಡೂಣ್ರಿ’ ಎಂದರೆ ಯಾರೂ ಏನೂ ನೋಡುವುದಿಲ್ಲ. ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಎದ್ದು ನಿಂತು, ಚಪ್ಪಲಿ ಹುಡುಕುತ್ತ ‘ಹೇಳಿ ಕಳಸ್ತೀವ್ರಿ’ ಎಂದರೆ ಆ ಮನೆಯ ಹಿರಿಯರು ಮರುದಿನವೇ ಬೇರೆ ಕಡೆ ವಿಚಾರಿಸಲು ಶುರು ಮಾಡತಕ್ಕದ್ದು. ದಲಾಲಿ ಅಂಗಡಿಯಲ್ಲಿ ಕಡಲೆಯ ರೊಕ್ಕ ಕೇಳಲು ಹೋದಾಗ ‘ಕುಂದರ್ರಿ ಗೌಡ್ರ, ಚಾ ಹೇಳ್ತೀನಿ’ ಎಂದು ‘ರಿ’ ಕೊಬ್ಬಿದ್ದರೆ ಇವತ್ತು ರೊಕ್ಕ ಇಲ್ಲ ಎಂದೇ ತಿಳಿಯಬೇಕು. ರೊಕ್ಕ ಇದ್ದ ದಿನ ಅವರು ಇಷ್ಟು ಮಾತಾಡುವುದಿಲ್ಲ, ಎಣಿಸಿ ಮುಂದೆ ಸರಿಸುತ್ತಾರೆ. ‘ಇರ್ಲಿ ಬಿಡ್ರಿ’ ಎಂಬುದು ಇದೇ ವರ್ಗದ ಕಡುಹಳದಿ. ಕೇಳಲು ಕ್ಷಮೆಯಂತಿದೆ, ಒಳಗೆ ಲೆಕ್ಕ ಬರೆದಿಟ್ಟಾಗಿದೆ.

ಕೆಂಪು ‘ರಿ’ ಎಂದರೆ ಕೂಗಾಡುವಾಗಿನ ‘ಏನ್ರೀ?’ ‘ಯಾಕ್ರೀ?’ ಎಂದು ಹೊಸಬರು ತಿಳಿಯುತ್ತಾರೆ. ಅಲ್ಲ. ಅದು ಬರೀ ಸಪ್ಪಳ, ಸಂತೆಯಲ್ಲಿ ದಿನಾ ಇರುವಂಥದು. ನಿಜವಾದ ಕೆಂಪು ತಣ್ಣಗಿರುತ್ತದೆ. ಚಿಕ್ಕಂದಿನಿಂದ ‘ಲೇ’ ಎಂದೇ ಮಾತಾಡಿಸುತ್ತಿದ್ದ ಗೆಳೆಯ ಒಂದು ದಿನ ಫೋನಿನಲ್ಲಿ ‘ಹೇಳ್ರಿ’ ಎನ್ನುತ್ತಾನೆ. ಮುಗಿಯಿತು. ಹೊಲ ಪಾಲಾಗುವ ದಿನ ಪಂಚರ ಎದುರು ತಮ್ಮ ಅಣ್ಣನಿಗೆ ‘ನಿಮ್ಮ ಪಾಲು ನೀವು ತಗೋರಿ’ ಎನ್ನುತ್ತಾನೆ. ಅಲ್ಲಿಯವರೆಗೆ ಒಂದೇ ಗಂಗಾಳದಲ್ಲಿ ಉಂಡವರು. ಆ ‘ರಿ’ಗೆ ಪ್ರತಿವಿಷ ಇಲ್ಲ. ಕೆಲವು ಮನೆಗಳಲ್ಲಿ ಯಾರಾದರೂ ಸತ್ತಾಗ ಮಾತ್ರ ಅದು ಕಳಚಿ ಬೀಳುತ್ತದೆ.

ಬಣ್ಣ ಬದಲಾಗುವುದನ್ನು ಒಂದೇ ಉಸಿರಿನಲ್ಲಿ ನೋಡಬೇಕಾದರೆ ಬಸ್ಸಿಗೆ ಹೋಗಬೇಕು. ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೊರಟ ವಾಯವ್ಯ ಸಾರಿಗೆಯ ಬಸ್ಸು, ಬಾಗಿಲಲ್ಲಿ ಕಂಡಕ್ಟರ್. ‘ಮುಂದ ಸರೀರಿ, ಒಳಗ ಜಾಗಾ ಐತ್ರಿ.’ ಯಾರೂ ಸರಿಯುವುದಿಲ್ಲ. ‘ಅಕ್ಕಾರ, ಆಧಾರ್ ಕಾರ್ಡ್ ತಗದ ಇಟ್ಕೋರಿ.’ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ಟು ಬಂತು, ಜತೆಗೆ ಈ ಹೊಸ ‘ರಿ’ಯೂ ಬಂತು. ‘ಸರೀರಿ, ಸರೀರಿ, ಸರೀಬೇಕ್ರಿ.’ ಚೀಲ ಇಟ್ಟುಕೊಂಡು ನಡುವೆ ನಿಂತವನಿಗೆ: ‘ಯಣ್ಣಾ, ಸರೀಪಾ.’ ಇನ್ನೂ ಸರಿಯದಿದ್ದಾಗ: ‘ಏ ಸರೀಯೊ ಮಾರಾಯಾ, ಏನ್ ಮನಿ ಕಟ್ಟಾಂವದೀಯೇನ ಅಲ್ಲಿ?’ ಬಸ್ಸು ನಕ್ಕಿತು, ಅವನೂ ನಕ್ಕು ಸರಿದ. ಬಿಟ್ಟುಹೋದ ‘ರಿ’ಯೇ ಅಲ್ಲಿ ಕೆಲಸ ಮಾಡಿದ್ದು. ಹೀಗೆ ಯಾವಾಗ ತೆಗೆಯಬೇಕು ಎಂಬುದನ್ನು ಕರಪತ್ರದಿಂದ ಕಲಿಸಲಾಗುವುದಿಲ್ಲ. ಕಂಡಕ್ಟರರನ್ನು ನೋಡಿ ಕಲಿಯಬೇಕು.

ಬಳಸಬಾರದ ಜಾಗಗಳು

ಅವ್ವನಿಗೆ ಬಳಸಬಾರದು. ‘ಯವ್ವಾ, ಉಣ್ಣಾಕ ಬಾ’ ಎಂಬುದೇ ಸರಿ. ನೌಕರಿ ಹಿಡಿದು ಬೆಂಗಳೂರಿಗೆ ಹೋದ ಮಗ ಹೆಂಡತಿ ಎದುರು ‘ಅಮ್ಮಾ, ಬರ್ರಿ’ ಎಂದರೆ ಮುದುಕಿಗೆ ತಾನು ಯಾರದೋ ಮನೆಗೆ ಬಂದೆನೆಂದು ಅನಿಸುತ್ತದೆ. ದೇವರಿಗೂ ‘ರಿ’ ಸಲ್ಲದು. ‘ಯಪ್ಪಾ ಬಸವಣ್ಣ, ಕಣ್ಣ ತೆರೀಪಾ’ ಎಂದೇ ಬೇಡಿಕೊಳ್ಳುವುದು. ಗುಡಿಯಿಂದ ಹೊರಗೆ ಬಂದು ಮಠಕ್ಕೆ ಹೋದರೆ ಮಾತ್ರ ‘ಅಜ್ಜಾರ, ಆಶೀರ್ವಾದ ಮಾಡ್ರಿ’. ದೇವರಿಗೆ ಇಲ್ಲದ ‘ರಿ’ ಸ್ವಾಮಿಗಳಿಗೆ ಹೇಗೆ ಬಂತು ಎಂದು ಯಾರೂ ಕೇಳಿದ್ದಿಲ್ಲ. ದೇವರು ಸಿಟ್ಟಾಗುವುದಿಲ್ಲ ಎಂಬ ಧೈರ್ಯ ಇರಬೇಕು.

ಮಾಲಕೌಂಸ ರಾಗದಲ್ಲೂ ಬಳಸಬಾರದು. ಇದು ಕುಂದಗೋಳದವರಿಗೆ ವಿಶೇಷವಾಗಿ ಹೇಳಬೇಕಾದ ಮಾತು. ಗಾಯಕ ಸವಾಯಿ ಗಂಧರ್ವರ (1886–1952) ಊರು ಅದು. ಅಲ್ಲಿಯ ನಾಡಗೇರ ವಾಡೆಗೆ ಅವರ ಗುರು ಅಬ್ದುಲ್ ಕರೀಂ ಖಾನರು ಬಂದು ಇರುತ್ತಿದ್ದರು. ಭೀಮಸೇನ ಜೋಶಿ ಸವಾಯಿ ಗಂಧರ್ವರ ಮನೆಯಲ್ಲಿದ್ದು ಕಲಿತರು, ಗಂಗೂಬಾಯಿ ಹಾನಗಲ್ಲ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದರು. ಆ ಊರಿನಲ್ಲಿ ‘ರಿ’ ಎಂದರೆ ರಿಷಭ. ಶುದ್ಧ ಒಂದು, ಕೋಮಲ ಒಂದು. ಭೈರವದಲ್ಲಿ ಕೋಮಲ ರಿಷಭವನ್ನು ಮೆಲ್ಲಗೆ ತೂಗಬೇಕು, ತೋಡಿಯಲ್ಲಿ ಇನ್ನಷ್ಟು ಇಳಿಸಬೇಕು. ಒಂದೇ ‘ರಿ’, ಎಷ್ಟು ಎತ್ತರಕ್ಕೆ ಹಿಡಿದಿರಿ ಎಂಬುದರ ಮೇಲೆ ಬೆಳಗೋ ಸಂಜೆಯೋ ಗೊತ್ತಾಗುತ್ತದೆ. ಪುಸ್ತಕದಲ್ಲಿ ‘ರಿ’ ಎಂದು ಬರೆದರೂ ಹಾಡುವವರ ಬಾಯಲ್ಲಿ ಅದು ‘ರೇ’ ಆಗುತ್ತದೆ, ಯಾರೂ ಅವಮಾನ ಎಂದು ತಿಳಿಯುವುದಿಲ್ಲ. ಇನ್ನು ಮಾಲಕೌಂಸ. ಆ ರಾಗದಲ್ಲಿ ‘ರಿ’ ವರ್ಜ್ಯ, ‘ಪ’ವೂ ವರ್ಜ್ಯ. ‘ಹೌದ್ರಿ’ ಅನ್ನುವಂತಿಲ್ಲ, ‘ಹೌದಪಾ’ ಅನ್ನುವಂತಿಲ್ಲ. ಮರ್ಯಾದೆಗೂ ಸಲಿಗೆಗೂ ಎರಡೂ ಬಾಗಿಲು ಮುಚ್ಚಿ, ಧಾರವಾಡ ಸೀಮೆಯ ಮನುಷ್ಯ ನಡುರಾತ್ರಿ ಗಂಟೆಗಟ್ಟಲೆ ಅದನ್ನೇ ಹಾಡಿ ಗೆದ್ದಿದ್ದಾನೆ.

ಇದೇ ಆಕಾರದ ಬೇರೆ ವಸ್ತುಗಳು

ಊರಿನ ಯಾವ ಬೋರ್ಡು ನೋಡಿದರೂ ಹೆಸರಿನ ಕೊನೆಗೆ ಕಂಸದೊಳಗೆ ಸೆರೆಸಿಕ್ಕ ಒಂದು ‘ರಿ’ ಕಾಣುತ್ತದೆ. ಯುವಕ ಮಂಡಳ (ರಿ). ಭಜನಾ ಸಂಘ (ರಿ). ಕನ್ನಡ ಉಳಿಸುವ ಸಂಘ, ಅದೂ (ರಿ). ಓದಲು ಆಗಷ್ಟೇ ಕಲಿತ ಮಕ್ಕಳು ಇದನ್ನು ‘ಯುವಕ ಮಂಡಳ್ರೀ’ ಎಂದು ರಾಗವಾಗಿ ಓದುತ್ತವೆ, ಮಂಡಳಕ್ಕೆ ಮರ್ಯಾದೆ ಕೊಟ್ಟಂತೆ. ಅದು ‘ರಿಜಿಸ್ಟರ್ಡ್’ ಎಂಬುದರ ಮೊದಲ ಅಕ್ಷರ. ‘ನೋಂದಣಿ’ ಎಂಬ ಒಳ್ಳೆಯ ಶಬ್ದ ಕೈಯಲ್ಲಿದ್ದೂ ಕನ್ನಡದ ಸಂಘಗಳು ಇಂಗ್ಲಿಷಿನ ತುಂಡನ್ನೇ ಯಾಕೆ ಹೊತ್ತವು ಎಂದು ಬೋರ್ಡು ಬರೆಯುವ ಪೇಂಟರನ್ನು ಕೇಳಿದರೆ ‘ರಿ ಅಂದ್ರ ಒಂದಕ್ಷರರಿ, ಜಾಗಾ ಉಳೀತೈತ್ರಿ’ ಎನ್ನುತ್ತಾನೆ. ಒಪ್ಪತಕ್ಕ ಉತ್ತರ.

ಈ ‘ರಿ’ ಪುಕ್ಕಟೆ ಸಿಗುವುದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸದಸ್ಯರು ಬೇಕು, ಉದ್ದೇಶ ಬರೆದು ಸಹಿ ಮಾಡಬೇಕು, ನಿಯಮಾವಳಿ ಕೊಡಬೇಕು, ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಶುಲ್ಕ ತುಂಬಬೇಕು. ಅಷ್ಟೇ ಅಲ್ಲ, ವರ್ಷಾ ವರ್ಷಾ ಸಭೆ ಕರೆದು ಲೆಕ್ಕಪತ್ರ ಸಲ್ಲಿಸಬೇಕು. ಮೊದಲನೆಯ ವರ್ಷ ಹುರುಪಿನಿಂದ ಸಲ್ಲಿಸುತ್ತಾರೆ. ಆಮೇಲೆ ಅಧ್ಯಕ್ಷನಿಗೂ ಖಜಾಂಚಿಗೂ ಗಣಪತಿ ಪಟ್ಟಿಯ ರೊಕ್ಕದ ಮೇಲೆ ತಕರಾರು ಬೀಳುತ್ತದೆ. ಇಬ್ಬರ ನಡುವೆ ಕೆಂಪು ‘ರಿ’ ಓಡಾಡತೊಡಗುತ್ತದೆ. ಸಂಘ ನಿಲ್ಲುತ್ತದೆ. ಬೋರ್ಡಿನ ಮೇಲಿನ ಕಂಸದ ‘ರಿ’ ಮಾತ್ರ ಮಳೆಬಿಸಿಲಿಗೆ ಬಣ್ಣ ಹಾರಿಸಿಕೊಂಡು ಹಾಗೇ ಇರುತ್ತದೆ.

ಸಾಲ ಕೊಡುವ ಸೊಸೈಟಿಗಳ ಬೋರ್ಡಿನಲ್ಲಿ ‘ರಿ’ ಬದಲು ‘ನಿ.’ ಇರುತ್ತದೆ, ನಿಯಮಿತ ಎಂದು. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂತು, ಮರುವರ್ಷವೇ ಕಣಗಿನಹಾಳದಲ್ಲಿ ಸಂಘ ಎದ್ದಿತು. ಈಗ ಗದಗಿಗೆ ಸೇರಿದ ಆ ಊರು ಆಗ ಧಾರವಾಡ ಜಿಲ್ಲೆಯದು. ಹಾಗಾಗಿ ಈ ‘ನಿ’ಗೆ ನಮ್ಮ ಸೀಮೆಯಲ್ಲಿ ಒಳ್ಳೆ ವಯಸ್ಸಾಗಿದೆ. ಆದರೂ ಭಜನೆ ಮಾಡುವವರಿಗೆ ‘ರಿ’, ಸಾಲ ವಸೂಲಿಗೆ ಬರುವವರಿಗೆ ‘ನಿ’ ಎಂದು ಯಾರು ಹಂಚಿದರೋ, ಅವರಿಗೆ ನಮ್ಮ ಭಾಷೆ ಚೆನ್ನಾಗಿ ಗೊತ್ತಿತ್ತು.

ಮೂರನೆಯದು ಹೊಲದ ಉತಾರದಲ್ಲಿ ಸಿಗುತ್ತದೆ: ರಿ.ಸ.ನಂ. ಎಂದರೆ ರಿವಿಜನ್ ಸರ್ವೆ ನಂಬರು. ಮುಂಬಯಿ ಇಲಾಖೆಯ ಸರ್ವೆ ಪದ್ಧತಿ 1835ರಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಶುರುವಾಗಿ ದಕ್ಷಿಣಕ್ಕೆ ಇಳಿದು ಬಂತು. ಕಂದಾಯವನ್ನು 30 ವರ್ಷಕ್ಕೆಂದು ಗೊತ್ತು ಮಾಡಿ, ಮುಗಿದ ಮೇಲೆ ಮತ್ತೊಮ್ಮೆ ತಿರುವಿ ನೋಡುತ್ತಿದ್ದರು. ಆ ತಿರುವಿದ್ದರ ಗುರುತು ಈ ‘ರಿ’. ಕುಂದಗೋಳ 1948ರವರೆಗೆ ಜಮಖಂಡಿ ಸಂಸ್ಥಾನದ ತಾಲೂಕು. ಅಲ್ಲಿಯ ರೈತ ‘ರಿ’ ಹೇಳಬೇಕಾದದ್ದು ಧಾರವಾಡದ ಕಲೆಕ್ಟರರಿಗಲ್ಲ, ಜಮಖಂಡಿಯ ಪಟವರ್ಧನ ಅರಸರ ಸರಕಾರಕ್ಕೆ. ಅಣ್ಣತಮ್ಮಂದಿರು ಪಾಲಾದಾಗ ರಿ.ಸ.ನಂ.ಗೆ ಒಂದು ಗೆರೆ ಬಿದ್ದು 1, 2 ಎಂದು ಹಿಸ್ಸೆಯಾಗುತ್ತದೆ. ಪಂಚರ ಎದುರು ತಮ್ಮನ ಬಾಯಿಂದ ಬಂದ ‘ರಿ’ ಈಗ ಸರಕಾರಿ ಕಾಗದದ ಮೇಲೆ ಬಂದು ಕೂತಿತು.

ಯಾರು ಯಾರಿಗೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಉದ್ದಗಿಡ್ಡದ ಮಾತು. ಅದಕ್ಕಿಂತ ಮುಖ್ಯ, ಕೊಟ್ಟ ‘ರಿ’ ತಿರುಗಿ ಬರುತ್ತದೆಯೇ ಎಂಬುದು. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಕೊಳ್ಳುವಾಗ ‘ಎಷ್ಟ್ರಿ?’ ‘ನೋಡಿ ಕೊಡ್ರಿ.’ ‘ಜಾಸ್ತಿ ಆತ್ರಿ.’ ‘ಕೆಲಸಾ ನೋಡ್ರಿ’ ಎಂದು ‘ರಿ’ ಆ ಕಡೆಗೂ ಈ ಕಡೆಗೂ ಸಮನಾಗಿ ಓಡಾಡುತ್ತದೆ. ವ್ಯಾಪಾರ ಕುದುರದಿದ್ದರೂ ಯಾರಿಗೂ ನಷ್ಟವಿಲ್ಲ. ಆದರೆ ವಾಡೆಯ ಅಂಗಳದಲ್ಲಿ ನಡೆಯುತ್ತಿದ್ದದ್ದೇ ಬೇರೆ. ಅರವತ್ತು ದಾಟಿದ ಜೀತದಾಳು ಐದು ವರ್ಷದ ಹುಡುಗನಿಗೆ ‘ಬರ್ರಿ ಸಣ್ಣಗೌಡ್ರ, ಹೆಗಲ ಮ್ಯಾಲೆ ಕುಂದರ್ರಿ’ ಎನ್ನುತ್ತಿದ್ದ. ಹುಡುಗ ಹೆಗಲ ಮೇಲೆ ಕೂತು ‘ಏ, ಲಗೂ ನಡೀ’ ಎನ್ನುತ್ತಿದ್ದ. ಹುಡುಗನದು ತಪ್ಪಲ್ಲ, ಅವನು ಕೇಳಿದ್ದನ್ನು ಕಲಿತ. ಆ ಮುದುಕನಿಗೆ ಜನ್ಮದಲ್ಲಿ ಯಾರಾದರೂ ‘ರಿ’ ಹಚ್ಚಿದ್ದರೆ ಅದು ಮದುವೆಯ ದಿನ ಬೀಗರು ಮಾತ್ರ. ನಮ್ಮ ಭಾಷೆ ಬಹಳ ಮರ್ಯಾದೆಯದು ಎಂದು ಸಭೆಗಳಲ್ಲಿ ಎದೆ ತಟ್ಟಿಕೊಳ್ಳುವವರು ಈ ಲೆಕ್ಕವನ್ನೂ ತೆಗೆಯಬೇಕು. ಕೇಳಿಸಿಕೊಂಡವರಿಗೆ ಅದು ಮರ್ಯಾದೆ. ಹೇಳಿದವರ ಪಾಲಿಗೆ ಅದು ಕೂಲಿಯ ಒಂದು ಭಾಗ.

ಈಗ ಅಂಗಳದ ಬದಲು ಕೌಂಟರು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದರೆ ‘ಬರ್ರಿ, ಏನಾಗಬೇಕ್ರಿ?’ ಧೋತರ ಮಾಸಿದ್ದರೆ ‘ನಾಳಿ ಬಾ ಯಜ್ಜಾ, ಸರ್ವರ್ ಇಲ್ಲ.’ ‘ಯಜ್ಜಾ’ ಎಂಬ ನೆಂಟಸ್ತಿಕೆ ಉಚಿತ, ‘ರಿ’ಗೆ ಮಾತ್ರ ಅಂಗಿ ನೋಡುತ್ತಾರೆ. ಅಜ್ಜ ‘ಆತ್ರಿ ಸಾಹೇಬ್ರ, ಬರ್ತೀನ್ರಿ’ ಎಂದು ಎರಡು ಕೊಟ್ಟು ಒಂದನ್ನೂ ಪಡೆಯದೆ ಬಸ್‌ಸ್ಟ್ಯಾಂಡಿಗೆ ತಿರುಗುತ್ತಾನೆ.

ರಿಪೇರಿ

ಈ ಶಬ್ದದ ಎರಡೂ ತುದಿಗೆ ‘ರಿ’ ಇದೆ. ಆದರೂ ಕೆಟ್ಟ ‘ರಿ’ಯನ್ನು ರಿಪೇರಿ ಮಾಡಿಕೊಡುವ ಅಂಗಡಿ ಯಾವ ತಾಲೂಕಿನಲ್ಲೂ ಇಲ್ಲ. ವಾಟ್ಸಾಪಿನಲ್ಲಿ ‘ಬರ್ರಿ’ ಎಂದು ಬರೆದರೆ ಕರೆದರೋ ಗದರಿಸಿದರೋ ತಿಳಿಯುವುದಿಲ್ಲ. ಅಂಥಲ್ಲಿ ನೇರ ಫೋನು ಹಚ್ಚುವುದು ವಾಸಿ. ಬೇಂದ್ರೆಯವರ ಪುಸ್ತಕಗಳಲ್ಲಿ ಸ್ವರ ಎಳೆಯಲು ‘ಽ’ ಎಂಬ ಚಿಹ್ನೆ ಹಾಕಿ ಅಚ್ಚು ಮಾಡಿದ್ದಾರೆ, ಮೊಬೈಲಿನಲ್ಲಿ ಅದನ್ನು ಹುಡುಕುವಷ್ಟರಲ್ಲಿ ಜಗಳ ಮುಗಿದಿರುತ್ತದೆ. ಹಳೆಯ ಮಾದರಿಯ ಬಿಡಿಭಾಗಗಳನ್ನು ಕೇಳಬಾರದು. ಪಂಪನ ಕಾಲದಲ್ಲಿ ರಕಾರ ಎರಡು ಬಗೆಯದಿತ್ತು, ಇನ್ನೊಂದು ಶಕಟರೇಫ, ‘ಱ’. ಪಂಪನ ತಾಯಿ ಅಬ್ಬಣಬ್ಬೆಯ ಮನೆತನ ಅಣ್ಣಿಗೇರಿಯದು ಎಂದು ಕುರ್ಕ್ಯಾಲದ ಶಾಸನ ಹೇಳುತ್ತದೆ. ಆದರೂ ಆ ಊರಿನ ಸಂತೆಯಲ್ಲಿ ಈಗ ‘ಱ’ ಸಿಗುವುದಿಲ್ಲ, ಮೆಣಸಿನಕಾಯಿ ಸಿಗುತ್ತದೆ.

ಕೌಂಟರಿನ ಆಚೆ ಕೂತು ಈ ಕರಪತ್ರ ಓದುತ್ತಿರುವವರು ಯಾರಾದರೂ ಇದ್ದರೆ, ಉಳಿದದ್ದನ್ನೆಲ್ಲ ಮರೆತರೂ ನಡೆದೀತು, ಇದೊಂದನ್ನು ಪಾಲಿಸಿಕೊಡಬೇಕಾಗಿ ವಿನಂತಿ: ನಾಳೆ ಉತಾರ ಕೇಳಿಕೊಂಡು ಆ ಅಜ್ಜ ಮತ್ತೆ ಬರುತ್ತಾರೆ, ಅವರಿಗೆ ‘ಕುಂದರ್ರಿ’ ಅನ್ನಿರಿ. ಕುರ್ಚಿ ಇಲ್ಲದಿದ್ದರೆ ಮೊದಲು ಒಂದು ಕುರ್ಚಿ ತರಸ್ರಿ.